ಗಣಿಯ ಛಾವಣಿ ಕುಸಿತ: ಆಸರೆಯಷ್ಟೇ ದಾಖಲೆಯೂ ಮುಖ್ಯ

ಭೂಗತ ಗಣಿಯಲ್ಲಿ ಕಲ್ಲಿದ್ದಲು ತೆಗೆದೊಡನೆ ಮೇಲಿನ ಶಿಲಾಪದರಗಳು ಆಸರೆ ಕಳೆದುಕೊಂಡು ಬಾಗುತ್ತವೆ, ಬಿರುಕು ಬಿಡುತ್ತವೆ. ಹಿಂದೆ ಅವಕ್ಕೆ ಮರದ ಕಂಬಗಳೇ ಆಧಾರ. 20ನೇ ಶತಮಾನದ ಮಧ್ಯಭಾಗದಿಂದ ರೂಫ್ ಬೋಲ್ಟ್ ಬಳಕೆ ಹೆಚ್ಚಿತು. ಛಾವಣಿಗೆ ರಂಧ್ರ ಕೊರೆದು ಉಕ್ಕಿನ ಸರಳನ್ನು ಬಿಗಿದರೆ, ಪದರಗಳು ಹೊಲಿಗೆ ಹಾಕಿದಂತೆ ಒಂದಕ್ಕೊಂದು ಕಚ್ಚಿ ನಿಲ್ಲುತ್ತವೆ.

ಆದರೂ ಬೋಲ್ಟ್ ಹಾಕಿದ ಛಾವಣಿ ಕುಸಿದದ್ದುಂಟು. ಅಮೆರಿಕದಲ್ಲಿ ಪ್ರತಿ ಭೂಗತ ಕಲ್ಲಿದ್ದಲು ಗಣಿಗೂ ಅನುಮೋದಿತ ಛಾವಣಿ ನಿಯಂತ್ರಣ ಯೋಜನೆ ಕಡ್ಡಾಯ. ಆಸರೆಯಿಲ್ಲದ ಛಾವಣಿಯಡಿ ಕೆಲಸ ನಿಷಿದ್ಧ. ಕೆಲಸ ನಡೆಯುವ ಜಾಗದಲ್ಲಿ ಬೋಲ್ಟ್ ಕಚ್ಚಿಕೊಂಡ ಮಟ್ಟದವರೆಗೆ ಅಥವಾ ಅದಕ್ಕೂ ಮೇಲೆ ಶಿಲೆ ಕುಸಿದರೆ, ಯಾರಿಗೂ ಗಾಯವಾಗದಿದ್ದರೂ ಅದನ್ನು ಅಪಘಾತವೆಂದೇ ವರದಿ ಮಾಡಬೇಕು. ಅಂಥ ಕುಸಿತಗಳನ್ನು ಗಣಿಯ ನಕ್ಷೆಯಲ್ಲೂ ಗುರುತಿಸಬೇಕು. ಇದು ನಿಜಕ್ಕೂ ಜೀವ ಉಳಿಸುವ ಕ್ರಮ: ಒಂದೇ ಸುರಂಗದಲ್ಲಿ ಗುರುತುಗಳು ಒತ್ತೊತ್ತಾದರೆ, ಅಲ್ಲಿನ ಶಿಲೆ ದುರ್ಬಲವೆಂದೋ ಬೋಲ್ಟಿನ ಉದ್ದ ಸಾಲದೆಂದೋ ಸಾವುನೋವಿಗೆ ಮೊದಲೇ ತಿಳಿಯುತ್ತದೆ.

ಭಾರತದಲ್ಲಿ ಗಣಿ ಕಾರ್ಮಿಕರ ಸುರಕ್ಷತೆ ಸಂವಿಧಾನದ ಕೇಂದ್ರಪಟ್ಟಿಯ 55ನೇ ನಮೂದು. ಮೇಲ್ವಿಚಾರಣೆ ಧನ್‌ಬಾದ್‌ನಲ್ಲಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು; ಇದರ ಮೂಲ 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ತಪಾಸಣಾ ಬ್ಯೂರೊ. 1957ರ ಕಲ್ಲಿದ್ದಲು ಗಣಿ ನಿಯಮಾವಳಿಯ ಸ್ಥಾನಕ್ಕೆ 2017ರಲ್ಲಿ ಹೊಸದು ಬಂತು. 1952ರ ಗಣಿ ಕಾಯ್ದೆ ಸೇರಿ 13 ಕಾಯ್ದೆಗಳನ್ನು ಒಗ್ಗೂಡಿಸಿ 2020ರಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ರೂಪಿಸಲಾಯಿತು.

ಗಣಿಯ ಅಪಾಯ ಛಾವಣಿ ಕುಸಿತವೊಂದೇ ಅಲ್ಲ. ಕೋಲಾರದ ಚಿನ್ನದ ಗಣಿಗಳನ್ನು (ಕೆಜಿಎಫ್) ಕಾಡಿದ್ದು ಶಿಲಾಸ್ಫೋಟ, ಅಂದರೆ ಆಳದಲ್ಲಿ ಒತ್ತಡ ತಾಳದ ಬಂಡೆ ಹಠಾತ್ತನೆ ಸಿಡಿಯುವುದು. ಶಿಲೆಯ ವರ್ತನೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಕೆಜಿಎಫ್‌ನಲ್ಲೇ.