ಬಸ್ಸು ಕೇಳುವ ಠರಾವು: ಗ್ರಾಮ ಪಂಚಾಯಿತಿ ಸದಸ್ಯರಿಗೊಂದು ಪಾಠ



ವಾರ್ಡ್ ಸಭೆಯಾಗಲಿ, ಗ್ರಾಮ ಸಭೆಯಾಗಲಿ, ಮಕ್ಕಳ ಗ್ರಾಮ ಸಭೆಯಾಗಲಿ, ಮತ್ತೆ ಮತ್ತೆ ಕೇಳಿಬರುವ ಬೇಡಿಕೆಗಳಲ್ಲಿ ಬಸ್ಸಿನ ಬೇಡಿಕೆಯೂ ಒಂದು. ನಡವಳಿ ಪುಸ್ತಕದಲ್ಲಿ ಅದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ: “ಗ್ರಾಮಕ್ಕೆ ಬಸ್ ಸೌಕರ್ಯ ಕಲ್ಪಿಸುವಂತೆ ಸಂಬಂಧಪಟ್ಟ ಇಲಾಖೆಗೆ ಬರೆಯಲು ತೀರ್ಮಾನಿಸಲಾಯಿತು.” ಆರು ತಿಂಗಳ ನಂತರದ ಸಭೆಯಲ್ಲಿಯೂ ಅದೇ ಸಾಲು ಮರುಕಳಿಸುತ್ತದೆ. ಯಾವ ಕಚೇರಿ, ಯಾವ ವೇಳೆಯ ಬಸ್ಸು, ಎಷ್ಟು ಜನರಿಗೆ, ಯಾವ ರಸ್ತೆಯ ಮೂಲಕ ಎಂಬ ಒಂದು ವಿವರವೂ ಅದರಲ್ಲಿರುವುದಿಲ್ಲ. ಅಂತಹ ಪತ್ರಕ್ಕೆ ಉತ್ತರ ಬಾರದಿದ್ದರೆ ಅಚ್ಚರಿಪಡಬೇಕಾದುದಿಲ್ಲ. ಉತ್ತರಿಸಬೇಕಾದ ಅಧಿಕಾರಿಗೆ ತನ್ನನ್ನು ಏನು ಕೇಳಲಾಗಿದೆ ಎಂಬುದೇ ತಿಳಿದಿರುವುದಿಲ್ಲ.

ಗ್ರಾಮ ಪಂಚಾಯಿತಿಗೆ ಬಸ್ಸು ಓಡಿಸುವ ಅಧಿಕಾರವಿಲ್ಲ ಎಂಬುದನ್ನು ಮೊದಲಿಗೆ ಒಪ್ಪಿಕೊಳ್ಳಬೇಕು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿರುವ 29 ವಿಷಯಗಳ ಪೈಕಿ 13ನೆಯದು ರಸ್ತೆ, ಮೋರಿ, ಸೇತುವೆ, ಜಲಮಾರ್ಗ ಮುಂತಾದ ಸಂಪರ್ಕ ಸಾಧನಗಳಿಗೆ ಸಂಬಂಧಿಸಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಗ್ರಾಮದ ರಸ್ತೆ, ಚರಂಡಿ, ಮೋರಿಗಳನ್ನು ನಮ್ಮ ಪ್ರಕಾರ್ಯಗಳಲ್ಲಿ ಸೇರಿಸಿದೆ. ಆದರೆ ವಾಹನ, ಸಿಬ್ಬಂದಿ, ವೇಳಾಪಟ್ಟಿ ಇವು ರಸ್ತೆ ಸಾರಿಗೆ ನಿಗಮದ ಕೈಯಲ್ಲಿವೆ. ಖಾಸಗಿ ಬಸ್ಸಿನ ರಹದಾರಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ. ನಮ್ಮ ಕೈಯಲ್ಲಿರುವುದು ಊರಿನ ಅಗತ್ಯವನ್ನು ಯಾರೂ ಅಲ್ಲಗಳೆಯಲಾಗದಂತೆ ದಾಖಲಿಸಿ, ಸರಿಯಾದ ಮೇಜಿಗೆ ತಲಪಿಸುವ ಠರಾವು. ಈ ಪಾಠವು ಆ ಠರಾವಿನ ಸಿದ್ಧತೆಯನ್ನು ಕುರಿತದ್ದು.

ಕೊರತೆ ಬಸ್ಸಿನದೋ, ವೇಳೆಯದೋ?

ಒಂದು ಊರನ್ನು ಕಲ್ಪಿಸಿಕೊಳ್ಳೋಣ. ತಾಲ್ಲೂಕು ಕೇಂದ್ರದಿಂದ 18 ಕಿ.ಮೀ. ದೂರ. ಬೆಳಿಗ್ಗೆ 9.10ಕ್ಕೆ ಒಂದು ಬಸ್ಸು ಹೊರಟು 10 ಗಂಟೆಗೆ ಪಟ್ಟಣ ತಲಪುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ಮೊದಲ ತರಗತಿ ಆರಂಭವಾಗುವುದು 9.30ಕ್ಕೆ. ಕಾಲೇಜು ಬಿಡುವುದು ಸಂಜೆ 4 ಗಂಟೆಗೆ. ಊರಿಗೆ ಮರಳುವ ಬಸ್ಸು 6.30ಕ್ಕೆ. ಮಕ್ಕಳಿಗೆ ದಿನವೂ ಮೊದಲ ಪಾಠ ತಪ್ಪುತ್ತದೆ. ಸಂಜೆ ಎರಡೂವರೆ ಗಂಟೆ ನಿಲ್ದಾಣದಲ್ಲಿ ಕಾದು, ಕತ್ತಲಾದ ಮೇಲೆ ಮನೆ ಸೇರಬೇಕು. ಗಂಡುಮಕ್ಕಳು ಯಾರದೋ ದ್ವಿಚಕ್ರ ವಾಹನದ ಹಿಂದೆ ಕುಳಿತು ಬಂದುಬಿಡುತ್ತಾರೆ. ಹೆಣ್ಣುಮಕ್ಕಳ ವಿಚಾರದಲ್ಲಿ ಮನೆಯವರು ಕೆಲವು ವಾರ ನೋಡಿ, ‘ಇಷ್ಟು ಓದಿದ್ದು ಸಾಕು’ ಎಂದು ತೀರ್ಮಾನಿಸುತ್ತಾರೆ. ದಾಖಲೆಯಲ್ಲಿ ಈ ಊರಿಗೆ ‘ಬಸ್ ಸೌಕರ್ಯ ಇದೆ’ ಎಂದೇ ಇರುತ್ತದೆ.

ಈ ಊರು ‘ಹೊಸ ಬಸ್ಸು ಬೇಕು’ ಎಂದು ಕೇಳಿದರೆ ನಿಗಮವು ಒಂದು ವಾಹನ, ಚಾಲಕ, ನಿರ್ವಾಹಕ ಇಷ್ಟನ್ನೂ ಹೊಂದಿಸಬೇಕಾಗುತ್ತದೆ; ‘ವಾಹನ ಮತ್ತು ಸಿಬ್ಬಂದಿ ಕೊರತೆ’ ಎಂಬ ಹಿಂಬರಹ ಬರುವ ಸಂಭವವೇ ಹೆಚ್ಚು. ಅದರ ಬದಲು ‘9.10ರ ಬಸ್ಸನ್ನು 8.25ಕ್ಕೆ ಹೊರಡಿಸಿ, ಸಂಜೆ 4.30ಕ್ಕೆ ಮರಳುವ ಒಂದು ಟ್ರಿಪ್ ಕೊಡಿ’ ಎಂದು ಕೇಳಿದರೆ ಮೊದಲರ್ಧಕ್ಕೆ ಬೇಕಾಗುವುದು ವೇಳಾಪಟ್ಟಿಯ ಮಾರ್ಪಾಡು ಮಾತ್ರ. ಎರಡನೆಯದಕ್ಕೆ ಆ ಹೊತ್ತಿನಲ್ಲಿ ಪಟ್ಟಣದ ನಿಲ್ದಾಣದಲ್ಲಿ ನಿಂತಿರುವ ಯಾವುದಾದರೂ ಬಸ್ಸು ಸಿಗುವುದೇ ಎಂದು ಘಟಕದವರು ನೋಡಬಲ್ಲರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಸ್ಸೊಂದರ ದಿನದ ಓಟವು ಸರಪಳಿಯಂತಿರುತ್ತದೆ. ನಮ್ಮ ಊರಿಗೆ ಬರುವ ಮುನ್ನ ಅದು ಇನ್ನೆರಡು ಊರುಗಳನ್ನು ಮುಟ್ಟಿಬಂದಿರುತ್ತದೆ. ನಮ್ಮ ವೇಳೆಯನ್ನು ಮುಂಚಿತಗೊಳಿಸಿದರೆ ಅಲ್ಲಿಯ ವೇಳೆಯೂ ಮುಂಚಿತವಾಗುತ್ತದೆ. ಅಲ್ಲಿ ಕೂಲಿಗೆ ಹೋಗುವವರಿಗೆ ಅದು ಒಗ್ಗದಿರಬಹುದು. ಆದ್ದರಿಂದ ಆ ಮಾರ್ಗದ ಇತರ ಗ್ರಾಮ ಪಂಚಾಯಿತಿಗಳ ಸದಸ್ಯರೊಡನೆ ಮಾತನಾಡದೆ ವೇಳೆ ಬದಲಾವಣೆ ಕೇಳಬಾರದು. ಒಂದೇ ಒಕ್ಕಣೆಯ ಠರಾವನ್ನು ಎರಡು ಮೂರು ಪಂಚಾಯಿತಿಗಳು ಪ್ರತ್ಯೇಕವಾಗಿ ಅಂಗೀಕರಿಸಿ ಒಟ್ಟಿಗೆ ಸಲ್ಲಿಸಿದರೆ ಅದರ ತೂಕವೇ ಬೇರೆ. ಮಾತನಾಡದೆ ಮುಂದುವರಿದರೆ, ಬದಲಾದ ವೇಳೆಯನ್ನು ಮತ್ತೆ ಬದಲಿಸಲು ಪಕ್ಕದ ಊರಿನವರು ಮರುವಾರವೇ ಘಟಕದ ಬಾಗಿಲಲ್ಲಿ ನಿಂತಿರುತ್ತಾರೆ.

ಎಣಿಕೆ

ಒಂದು ವಾರ ಕಾಲ, ಸಂತೆಯ ದಿನವೂ ಸೇರಿದಂತೆ, ಬೆಳಿಗ್ಗೆ ಮತ್ತು ಸಂಜೆ ನಿಲ್ದಾಣದಲ್ಲಿ ಕುಳಿತು ಬರೆದುಕೊಳ್ಳುವುದಕ್ಕೆ ಅನುದಾನದ ಅಗತ್ಯವಿಲ್ಲ. ಎಲ್ಲಿಗೆ ಹೋಗುವವರು, ಎಷ್ಟು ಹೊತ್ತಿಗೆ ಅಲ್ಲಿರಬೇಕು, ಬಸ್ಸಿಲ್ಲದಾಗ ಹೇಗೆ ಹೋಗುತ್ತಾರೆ, ಆಟೊ ಅಥವಾ ಟೆಂಪೋಗೆ ಎಷ್ಟು ಕೊಡುತ್ತಾರೆ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಸ್ವಸಹಾಯ ಸಂಘದ ಸದಸ್ಯೆಯರು ಇದರಲ್ಲಿ ನೆರವಾದರೆ ಮಹಿಳೆಯರಿಂದ ಹೆಚ್ಚು ನಿಜವಾದ ಉತ್ತರ ದೊರೆಯುತ್ತದೆ.

ಆದರೆ ನಿಲ್ದಾಣದಲ್ಲಿ ಕುಳಿತು ಎಣಿಸಿದರೆ ನಿಲ್ದಾಣಕ್ಕೆ ಬಂದವರಷ್ಟೇ ಲೆಕ್ಕಕ್ಕೆ ಸಿಗುತ್ತಾರೆ. ನಿಗಮದ ಟಿಕೆಟ್ ಯಂತ್ರದ ಮಿತಿಯೂ ಇದೇ: ಹತ್ತಿದವರನ್ನು ಅದು ಲೆಕ್ಕ ಇಡುತ್ತದೆ, ಬಸ್ಸಿಲ್ಲವೆಂದು ಮನೆಯಲ್ಲಿಯೇ ಉಳಿದವರನ್ನಲ್ಲ. ಕಾಲೇಜು ಬಿಟ್ಟ ಹುಡುಗಿ, ತಪಾಸಣೆಯ ದಿನ ತಪ್ಪಿಸಿಕೊಂಡ ಗರ್ಭಿಣಿ, ತಿಂಗಳ ಮಾತ್ರೆ ತರಲು ಹೋಗದ ವೃದ್ಧರು ಇವರ ವಿವರ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಬಳಿ ಇರುತ್ತದೆ. ಇಲ್ಲವೇ ಮನೆಗೇ ಹೋಗಿ ಕೇಳಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ತಿರುಳು ಈ ಭಾಗವೇ, ಮತ್ತು ಇದನ್ನು ಊರಿನ ಸದಸ್ಯರಲ್ಲದೆ ಬೇರೆ ಯಾವ ಅಧಿಕಾರಿಯೂ ಮಾಡಲಾರರು. ಓದು ಬಿಟ್ಟ ಹೆಣ್ಣುಮಕ್ಕಳ ಹೆಸರುಗಳನ್ನು ಮಾತ್ರ ನಡವಳಿಯಲ್ಲಿ ಬರೆಯಿಸಬೇಡಿ. ಅದು ಯಾರು ಬೇಕಾದರೂ ಕೇಳಿ ಪಡೆಯಬಹುದಾದ ದಾಖಲೆ. ಸಂಖ್ಯೆಯನ್ನಷ್ಟೇ ಬರೆದು, ಸಾಧ್ಯವಿದ್ದಲ್ಲಿ ಪ್ರಾಂಶುಪಾಲರ ಅಥವಾ ಮುಖ್ಯೋಪಾಧ್ಯಾಯರ ದೃಢೀಕರಣ ಪಡೆಯಿರಿ.

ಟಿಕೆಟ್ ಕುರಿತು ಇನ್ನೊಂದು ಮಾತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುತ್ತಿದ್ದಾರೆ. ಅವರಿಗೆ ಕೊಡುವ ಶೂನ್ಯ ಮೊತ್ತದ ಟಿಕೆಟ್ಟಿನ ಆಧಾರದ ಮೇಲೆಯೇ ಸರ್ಕಾರವು ನಿಗಮಕ್ಕೆ ಹಣ ಭರಿಸುತ್ತದೆ. ‘ದುಡ್ಡಿಲ್ಲದ ಟಿಕೆಟ್ ಏಕೆ’ ಎಂದು ಅದನ್ನು ಪಡೆಯದೆ ಕುಳಿತರೆ ನಮ್ಮ ಊರಿನ ಮಾರ್ಗದ ಲೆಕ್ಕದಲ್ಲಿ ಆ ಪ್ರಯಾಣಿಕಳು ಇರಲೇ ಇಲ್ಲವೆಂದಾಗುತ್ತದೆ. ಮಹಿಳಾ ಗ್ರಾಮ ಸಭೆಯಲ್ಲಿ ತಪ್ಪದೆ ಹೇಳಬೇಕಾದ ಸಂಗತಿ ಇದು.

ಯಾವ ಮೇಜು?

ನಿಗಮದ ಬಸ್ಸಿನ ವೇಳೆ, ಟ್ರಿಪ್ಪು, ನಿಲುಗಡೆಯ ವಿಚಾರವಾದರೆ ಮೊದಲ ಮೆಟ್ಟಿಲು ಘಟಕ ವ್ಯವಸ್ಥಾಪಕರು. ಅವರ ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿಗಳು. ಘಟಕಕ್ಕೆ ಪತ್ರ ಕಳುಹಿಸಿ, ವಿಭಾಗಕ್ಕೆ ಪ್ರತಿ ಕಳುಹಿಸುವುದು ವಾಡಿಕೆಯಾಗಲಿ. ನಮ್ಮ ಊರಿಗೆ ಬರುವ ಬಸ್ಸು ಯಾವ ಘಟಕದ್ದು ಎಂಬುದನ್ನು ನಿರ್ವಾಹಕರನ್ನೇ ಕೇಳಿ ತಿಳಿಯಬೇಕು. ಜಿಲ್ಲೆಯ ಅಂಚಿನ ಊರುಗಳಲ್ಲಿ ಅದು ಪಕ್ಕದ ಜಿಲ್ಲೆಯ ಘಟಕದ್ದಾಗಿರುವುದುಂಟು. ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಸಾರಿಗೆ ಘಟಕದವರೂ ಬರುತ್ತಾರೆ. ಅದಕ್ಕೂ ಮೊದಲೇ ಠರಾವಿನ ಪ್ರತಿಯನ್ನು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ತಲಪಿಸಿದರೆ ವಿಷಯ ಅಲ್ಲಿ ಚರ್ಚೆಗೆ ಬರಲು ಅವಕಾಶವಾಗುತ್ತದೆ.

ಕರಾವಳಿಯಂತೆ ಖಾಸಗಿ ಬಸ್ಸುಗಳನ್ನೇ ಹೆಚ್ಚಾಗಿ ನೆಚ್ಚಿರುವ ಕಡೆ ದಾರಿ ಬೇರೆ. ರಹದಾರಿಯಲ್ಲಿ ನಮ್ಮ ಊರಿನ ಹೆಸರಿದ್ದರೂ ಬಸ್ಸು ಮುಖ್ಯರಸ್ತೆಯ ಕ್ರಾಸಿನಿಂದಲೇ ಹಿಂದಿರುಗುತ್ತಿದ್ದರೆ ಅದು ರಹದಾರಿ ಷರತ್ತಿನ ಉಲ್ಲಂಘನೆ. ಮೋಟಾರು ವಾಹನಗಳ ಅಧಿನಿಯಮ, 1988ರ 86ನೆಯ ಪ್ರಕರಣದಡಿ ರಹದಾರಿಯನ್ನು ಅಮಾನತಿನಲ್ಲಿಡಲು ಅಥವಾ ರದ್ದುಪಡಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ. ದಿನಾಂಕ, ವೇಳೆ, ವಾಹನ ಸಂಖ್ಯೆಗಳೊಂದಿಗೆ ದೂರು ಕೊಡಬೇಕು. ‘ಯಾವಾಗಲೂ ಬರುವುದಿಲ್ಲ’ ಎಂಬ ದೂರು ನಿಲ್ಲುವುದಿಲ್ಲ. ನಿಲುಗಡೆಯ ಸ್ಥಳಗಳ ವಿಚಾರದಲ್ಲಿ ಅದೇ ಅಧಿನಿಯಮದ 117ನೆಯ ಪ್ರಕರಣವು ವಾಹನಗಳು ನಿಲ್ಲಬೇಕಾದ ಜಾಗಗಳನ್ನು ಸ್ಥಳೀಯ ಪ್ರಾಧಿಕಾರದೊಡನೆ ಸಮಾಲೋಚಿಸಿ ಗೊತ್ತುಪಡಿಸಬೇಕೆನ್ನುತ್ತದೆ. ಈ ಸಮಾಲೋಚನೆಯನ್ನು ಪಂಚಾಯಿತಿಗಳು ಕೇಳಿ ಪಡೆಯುವುದೇ ಅಪರೂಪ.

ಬಸ್ಸಿಗೆ ದಾರಿ

‘ರಸ್ತೆ ಸರಿಯಿಲ್ಲ’ ಎಂಬ ಉತ್ತರ ಬಂದರೆ ಅದನ್ನು ನೆಪವೆಂದು ಭಾವಿಸಬೇಡಿ. ಗ್ರಾಮ ಸಡಕ್ ರಸ್ತೆಗಳ ಡಾಂಬರು ಅಗಲ ಸಾಮಾನ್ಯವಾಗಿ 3.75 ಮೀಟರ್, ವಾಹನ ಸಂಚಾರ ಕಡಿಮೆಯಿರುವಲ್ಲಿ 3 ಮೀಟರ್ ಮಾತ್ರ. ಹನ್ನೊಂದು ಹನ್ನೆರಡು ಮೀಟರ್ ಉದ್ದದ ಬಸ್ಸು ಅಲ್ಲಿ ಎದುರು ವಾಹನಕ್ಕೆ ದಾರಿ ಬಿಡಬೇಕಾದರೆ ಪಕ್ಕದ ಮಣ್ಣಿನ ಅಂಚು ಗಟ್ಟಿಯಾಗಿರಬೇಕು. ಬಸ್ಸು ತಿರುಗಿಸಿಕೊಳ್ಳಲು ಊರಿನಲ್ಲಿ ಜಾಗ ಬೇಕು. ಆ ಜಾಗದಲ್ಲಿ ತಿಪ್ಪೆ, ಬಣವೆ, ನಿಂತ ಟ್ರ್ಯಾಕ್ಟರುಗಳಿದ್ದರೆ ತೆರವುಗೊಳಿಸುವುದು ನಮ್ಮದೇ ಕೆಲಸ, ಮತ್ತು ಅದರಲ್ಲಿ ಒಂದು ಬಣವೆ ಸದಸ್ಯರದ್ದೇ ಆಗಿದ್ದರೆ ಮೊದಲು ಅದನ್ನೇ ತೆಗೆಸುವುದು ಒಳ್ಳೆಯದು. ಜೋತುಬಿದ್ದ ತಂತಿಗೆ ವಿದ್ಯುತ್ ಸರಬರಾಜು ಕಂಪನಿಗೆ ಬರೆಯಬೇಕು.

ರಸ್ತೆ ಹಾಳಾಗಿದ್ದರೆ ಅದು ಯಾರದೆಂದು ಮೊದಲು ತಿಳಿಯಿರಿ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಗೆ ಸೇರಿದವು. ಗ್ರಾಮೀಣ ರಸ್ತೆಗಳಿಗೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವನ್ನು ಕೇಳಬೇಕು. ಗ್ರಾಮ ಸಡಕ್ ರಸ್ತೆಯಾಗಿದ್ದರೆ ನಿರ್ಮಾಣದ ನಂತರ ಐದು ವರ್ಷ ನಿರ್ವಹಣೆ ಗುತ್ತಿಗೆದಾರರ ಹೊಣೆ. ರಸ್ತೆ ಬದಿಯ ಫಲಕದಲ್ಲಿರುವ ದಿನಾಂಕವನ್ನು ಓದಿದರೆ, ಗುಂಡಿ ಮುಚ್ಚಲು ಪಂಚಾಯಿತಿ ಹಣ ಹುಡುಕುವ ಅಗತ್ಯವೇ ಇರದಿರಬಹುದು.

ಊರಿನವರ ಒತ್ತಾಯಕ್ಕೆ ಮಣಿದು ರಾತ್ರೋರಾತ್ರಿ ರಸ್ತೆಯುಬ್ಬು ಹಾಕಿಸುವ ಪದ್ಧತಿಯೂ ನಿಲ್ಲಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ದುಂಡನೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ನಮ್ಮ ಊರುಗಳಲ್ಲಿ ಕಾಣುವ ಮಣ್ಣು ಸಿಮೆಂಟಿನ ದಿಂಡು ಅದಲ್ಲ. ಬಣ್ಣ, ಫಲಕ, ದೀಪವಿಲ್ಲದ ದಿಂಡಿಗೆ ಬಲಿಯಾಗುವವರಲ್ಲಿ ಊರಿನ ದ್ವಿಚಕ್ರ ವಾಹನ ಸವಾರರೇ ಮೊದಲಿಗರು. ಶಾಲೆಯ ಮುಂದೆ ಉಬ್ಬು ಬೇಕಿದ್ದರೆ ರಸ್ತೆಯ ಒಡೆತನವಿರುವ ಇಲಾಖೆಗೆ ಬರೆಯುವುದೇ ದಾರಿ.

ಬೆಳಗಿನ ಮೊದಲ ಬಸ್ಸು ಬೇಕೆನ್ನುವ ಊರು ರಾತ್ರಿ ತಂಗುವ ಬಸ್ಸನ್ನು ಕೇಳುವುದು ಲಾಭಕರ. ಖಾಲಿ ಬಸ್ಸು ಮುಂಜಾನೆ ಪಟ್ಟಣದಿಂದ ಬರಬೇಕಾಗಿಲ್ಲ. ಆದರೆ ಚಾಲಕ ನಿರ್ವಾಹಕರು ಎಲ್ಲಿ ಮಲಗಬೇಕು? ಬಾಗಿಲು ಭದ್ರವಿರುವ ಒಂದು ಕೋಣೆ, ನೀರು, ಶೌಚಾಲಯ, ಒಂದು ಬೀದಿದೀಪ ಇಷ್ಟನ್ನು ಪಂಚಾಯಿತಿಯೇ ಒದಗಿಸುವುದಾಗಿ ಠರಾವಿನಲ್ಲಿ ಬರೆದರೆ, ಬೇಡಿಕೆಯ ಜೊತೆಗೆ ನಮ್ಮ ಪಾಲೂ ಅದರಲ್ಲಿರುತ್ತದೆ.

ಠರಾವಿನ ಒಕ್ಕಣೆ

ಮೇಲಿನ ಕಲ್ಪಿತ ಊರಿಗೆ ಠರಾವು ಹೀಗಿರಬಹುದು: “ನಮ್ಮ ವ್ಯಾಪ್ತಿಯ ಇಂತಹ ಗ್ರಾಮದಿಂದ ಬೆಳಿಗ್ಗೆ 9.10ಕ್ಕೆ ಹೊರಡುವ ಬಸ್ಸು 10.00ಕ್ಕೆ ತಾಲ್ಲೂಕು ಕೇಂದ್ರ ತಲಪುತ್ತಿದ್ದು, ಕಾಲೇಜು 9.30ಕ್ಕೆ ಆರಂಭವಾಗುವುದರಿಂದ 34 ವಿದ್ಯಾರ್ಥಿಗಳಿಗೆ ಪ್ರತಿದಿನ ಮೊದಲ ತರಗತಿ ತಪ್ಪುತ್ತಿದೆ. ಪ್ರಾಂಶುಪಾಲರ ದೃಢೀಕರಣ ಲಗತ್ತಿಸಿದೆ. ವೇಳೆಯ ಕಾರಣದಿಂದ ಕಳೆದ ಸಾಲಿನಲ್ಲಿ 5 ವಿದ್ಯಾರ್ಥಿನಿಯರು ವ್ಯಾಸಂಗ ನಿಲ್ಲಿಸಿರುತ್ತಾರೆ. ಆದ್ದರಿಂದ ಸದರಿ ಬಸ್ಸನ್ನು 8.25ಕ್ಕೆ ಹೊರಡಿಸಲು ಹಾಗೂ ಸಂಜೆ 4.30ಕ್ಕೆ ಮರಳುವ ಟ್ರಿಪ್ ಒದಗಿಸಲು ಘಟಕ ವ್ಯವಸ್ಥಾಪಕರನ್ನು ಕೋರಲು ತೀರ್ಮಾನಿಸಲಾಯಿತು. ಮಾರ್ಗದ ನೆರೆಯ ಗ್ರಾಮ ಪಂಚಾಯಿತಿಯ ಸಹಮತದ ಠರಾವು ಲಗತ್ತಿಸಿದೆ. ಬಸ್ಸು ತಿರುಗಿಸುವ ಸ್ಥಳವನ್ನು 15 ದಿನಗಳೊಳಗೆ ಪಂಚಾಯಿತಿ ವತಿಯಿಂದ ತೆರವುಗೊಳಿಸಲಾಗುವುದು.” ಸೂಚಕರು, ಅನುಮೋದಕರ ಹೆಸರು ದಾಖಲಾಗಲಿ.

ಪತ್ರವನ್ನು ಪಿಡಿಒ ಅವರ ಸಹಿಯೊಂದಿಗೆ ಖುದ್ದಾಗಿ ಒಯ್ದು ಸ್ವೀಕೃತಿ ಪಡೆಯಿರಿ. ಮುಂದಿನ ಸಭೆಯ ಅನುಪಾಲನಾ ವರದಿಯಲ್ಲಿ ಸ್ವೀಕೃತಿಯ ದಿನಾಂಕ ಕಾಣಿಸಬೇಕು. ‘ಆದಾಯ ಸಾಲದು’ ಎಂಬ ಹಿಂಬರಹ ಬಂದರೆ, ಆ ಮಾರ್ಗದ ಟ್ರಿಪ್‌ವಾರು ಪ್ರಯಾಣಿಕರ ಸಂಖ್ಯೆ ಮತ್ತು ಆದಾಯವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೇಳಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕು. ಆ ಅಂಕಿಗಳನ್ನು ನಮ್ಮ ಎಣಿಕೆಯ ಪಕ್ಕದಲ್ಲಿಟ್ಟಾಗ ಎರಡನೆಯ ಪತ್ರ ಬರೆಯುವುದು ಸುಲಭ. ಕೆಲವೊಮ್ಮೆ ನಿಗಮದ ಅಂಕಿಯೇ ಸರಿಯಿದ್ದು, ಮಧ್ಯಾಹ್ನದ ಟ್ರಿಪ್ ನಿಜಕ್ಕೂ ಖಾಲಿ ಓಡುತ್ತಿರುವುದು ತಿಳಿಯಬಹುದು. ಆಗ ಮಧ್ಯಾಹ್ನದ್ದನ್ನು ಬಿಟ್ಟುಕೊಟ್ಟು ಸಂಜೆಯದನ್ನು ಕೇಳಲು ಊರನ್ನು ಒಪ್ಪಿಸುವುದು ಸದಸ್ಯರ ಪಾಲಿಗೆ ಬರುತ್ತದೆ. ಇದು ಠರಾವು ಬರೆಯುವುದಕ್ಕಿಂತ ಕಷ್ಟದ ಕೆಲಸ.

ಬಸ್ಸು ಬಂದ ದಿನ ಹೂಹಾರ, ಪೂಜೆ, ಭಾವಚಿತ್ರ ಎಲ್ಲವೂ ಇರುತ್ತವೆ. ಪ್ರಯಾಣಿಕರಿಲ್ಲವೆಂದು ಅದೇ ಬಸ್ಸು ಕೆಲವು ತಿಂಗಳಲ್ಲಿ ಸದ್ದಿಲ್ಲದೆ ನಿಂತುಹೋಗಬಲ್ಲದು. ಮೊದಲ ಮೂರು ತಿಂಗಳು ವಾರಕ್ಕೊಂದು ದಿನ ಹತ್ತಿದವರ ಎಣಿಕೆ ಮುಂದುವರಿಯಲಿ. ಬಸ್ಸು ಬಾರದ ದಿನಗಳನ್ನು ಪಂಚಾಯಿತಿ ಕಚೇರಿಯ ಒಂದು ವಹಿಯಲ್ಲಿ ಬರೆದಿಡುವ ಹೊಣೆಯನ್ನು ಆ ವಾರ್ಡಿನ ಸದಸ್ಯರೊಬ್ಬರಿಗೆ ಹೆಸರಿಟ್ಟು ವಹಿಸಿರಿ.