ಪೊರೆ ತೆಗೆದಾಯಿತು, ನೋಟ ಬಂತೇ?

ಮಕ್ಕಳೇ, ‘ಕಣ್ಣು ಮಂಜು ಮಂಜು’ ಎಂದು ಅಜ್ಜಿ ಹೇಳುವುದನ್ನು ಕೇಳಿದ್ದೀರಾ? ನಮ್ಮ ಕಣ್ಣಿನ ಪಾಪೆಯ ಹಿಂದೆ ತಿಳಿಯಾದ ಮಸೂರವಿದೆ. ವಯಸ್ಸಾದಂತೆ ಅದರಲ್ಲಿರುವ ಪ್ರೋಟೀನುಗಳು ಗಂಟುಕಟ್ಟಿ ಮಸೂರ ಮಬ್ಬಾಗುತ್ತದೆ. ಇದೇ ಕಣ್ಣಿನ ಪೊರೆ. ಔಷಧಿಯ ಹನಿಯಿಂದ ಇದು ಕರಗುವುದಿಲ್ಲ; ಶಸ್ತ್ರಚಿಕಿತ್ಸೆಯೇ ದಾರಿ.

ನಮ್ಮ ನಾಡಿನ ಡಾ. ಎಂ.ಸಿ. ಮೋದಿಯವರು (1916–2005) ಊರೂರಿಗೆ ಹೋಗಿ ಶಿಬಿರ ನಡೆಸಿ ಬಡವರ ಪೊರೆ ತೆಗೆದರು. ಹಿಂದೆ ಶಿಬಿರಗಳಲ್ಲಿ ಮಸೂರ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಅದು ಒಡೆದರೆ ನೋಟ ಮತ್ತೆ ಮಸುಕು! 1949ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲೆ ಮೊದಲ ಬಾರಿಗೆ ಕಣ್ಣಿನೊಳಗೇ ಕೃತಕ ಮಸೂರ ಇಟ್ಟರು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲೂ ಇದೇ ಪದ್ಧತಿ.

ಆದರೆ ಎಷ್ಟು ಜನರ ಪೊರೆ ತೆಗೆದೆವು ಎಂದು ಎಣಿಸಿದರೆ ಸಾಲದು. ಎಷ್ಟು ಜನರಿಗೆ ಚೆನ್ನಾಗಿ ಕಾಣುತ್ತಿದೆ ಎಂದೂ ನೋಡಬೇಕು. ಆರೋಗ್ಯವಂತ ಕಣ್ಣು 12 ಮೀಟರ್ ದೂರದಿಂದ ಗುರುತಿಸುವುದನ್ನು 6 ಮೀಟರಿನಿಂದ ಗುರುತಿಸಿದರೆ ಆ ನೋಟ 6/12. ಕನ್ನಡಕ ಇದ್ದವರು ಅದನ್ನು ಹಾಕಿಕೊಂಡು ಇಷ್ಟಾದರೂ ಕಂಡರೆ ಅದು ಒಳ್ಳೆಯ ಫಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ.

ಕೆಲವರಿಗೆ ಅಷ್ಟು ಕಾಣುವುದಿಲ್ಲ. ಏಕೆ? ಮುಖ್ಯ ಕಾರಣಗಳು ಮೂರು:
1. ಸಕ್ಕರೆ ಕಾಯಿಲೆಯಂಥ ತೊಂದರೆಯಿಂದ ಕಣ್ಣಿನ ಹಿಂಭಾಗವೂ ಕೆಟ್ಟಿರುವುದು.
2. ಶಸ್ತ್ರಚಿಕಿತ್ಸೆಯ ವೇಳೆ ಅಥವಾ ನಂತರ ತೊಡಕಾಗುವುದು, ಸೋಂಕು ತಗಲುವುದು.
3. ಬೇಕಾದ ಕನ್ನಡಕ ಸಿಗದಿರುವುದು.

ಎರಡನೆಯ, ಮೂರನೆಯ ತೊಂದರೆಗಳಿಗೆ ಮರುತಪಾಸಣೆ ಬಹಳ ಮುಖ್ಯ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಅಜ್ಜನೊಬ್ಬ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಮತ್ತೆ ಬರಬೇಕೆಂದರೆ ಬಸ್ಸು ಹಿಡಿಯಬೇಕು, ಜೊತೆಗೊಬ್ಬರು ಬೇಕು, ಅವರ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ‘ಮುಂದಿನ ವಾರ ಹೋದರಾಯಿತು’ ಎಂದುಕೊಳ್ಳುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯಾದ ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ನೋಟ ಕುಗ್ಗುತ್ತಿದ್ದರೆ ಒಂದು ದಿನವೂ ಕಾಯಬಾರದು. ತಡಮಾಡಿದರೆ ಕಣ್ಣೇ ಹೋಗಬಹುದು.

ನೀವೇ ಮಾಡಿ ನೋಡಿ: 17.5 ಮಿ.ಮೀ. ಎತ್ತರ, ಅಷ್ಟೇ ಅಗಲದ, ಮೂರು ಹಲ್ಲಿನ ಬಾಚಣಿಗೆಯಂಥ ಗುರುತನ್ನು ಕಪ್ಪು ಬಣ್ಣದಲ್ಲಿ ಬರೆಯಿರಿ. ಪ್ರತಿ ಗೆರೆಯ ದಪ್ಪ 3.5 ಮಿ.ಮೀ., ನಡುವಿನ ಜಾಗವೂ ಅಷ್ಟೇ. ಒಳ್ಳೆಯ ಬೆಳಕಿನಲ್ಲಿ 6 ಮೀಟರ್ ದೂರದಲ್ಲಿ ಹಿಡಿದು ತಿರುಗಿಸುತ್ತಾ, ‘ಹಲ್ಲು ಯಾವ ಕಡೆಗಿದೆ?’ ಎಂದು ಗೆಳೆಯರನ್ನು ಕೇಳಿ. ಒಂದೊಂದೇ ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿಕೊಳ್ಳಲಿ. ಓದು ಬಾರದ ಅಜ್ಜಿಯೂ ಉತ್ತರ ಹೇಳಬಲ್ಲರು! ಹೇಳಲಾಗದವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಲು ಮನೆಯವರಿಗೆ ತಿಳಿಸಿ.