ಗವಿಪುರದ ಬಿಸಿಲಿಗೊಂದು ಲೆಕ್ಕ

ಜಯನಗರ, ಜೆ.ಪಿ. ನಗರದಲ್ಲೇ ಬೆಳೆದು ಊರೇ ನೋಡಿಲ್ಲ ಅಂದ್ರೆ ನಾಚಿಕೆ ಅಲ್ವಾ? ಅದಕ್ಕೇ ಒಂದು ಭಾನುವಾರ ನಾವು ನಾಲ್ಕು ಜನ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿದೆವು. ಅಲ್ಲಿ ಗುಡ್ಡದ ಮೇಲಿನ ಕೆಂಪೇಗೌಡ ಗೋಪುರ ನೋಡಿದೆವು. ಗೋಪುರಕ್ಕೆ ಕೆಲವು ನೂರು ವರ್ಷ, ಅದರ ಕೆಳಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ! ಆಮೇಲೆ ದೊಡ್ಡ ಬಸವನ ಗುಡಿ, ಕಡಲೆಕಾಯಿ, ಫೋಟೋ. ಸಂಜೆಗೆ ಗವಿಪುರದ ಗಂಗಾಧರೇಶ್ವರ.

ಮಕರ ಸಂಕ್ರಾಂತಿ ಸಂಜೆ ಇಲ್ಲಿ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತೆ. ಟಿವಿಯಲ್ಲಿ ಪ್ರತಿವರ್ಷ ನೋಡ್ತೀವಿ. ವರ್ಷಕ್ಕೆ ಅದೊಂದೇ ದಿನ ಅಂತ ನಮ್ಮಲ್ಲಿ ಒಬ್ಬ ಖಡಾಖಂಡಿತವಾಗಿ ಹೇಳಿದ. ಇನ್ನೊಬ್ಬಳು, "ಸೂರ್ಯ ಹೋದ ದಾರೀಲೇ ವಾಪಸ್ ಬರಲ್ವಾ?" ಅಂದಳು. ಅಂಗಳದಲ್ಲೇ ಜಗಳ ಶುರು.

ಲೆಕ್ಕ ಹೀಗಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯ ದಕ್ಷಿಣದ ತುದಿ ಮುಟ್ಟುತ್ತಾನೆ, ಅಂದರೆ 23.4 ಡಿಗ್ರಿ. ಜನವರಿ 14 ಅದಾದ 24ನೇ ದಿನ. ಅಷ್ಟೇ ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ 27. ಎರಡೂ ದಿನ ಸೂರ್ಯ ಸುಮಾರು 21 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಈ ಕೋನಕ್ಕೆ ನಮ್ಮ ಹಳೆಯ ಜ್ಯೋತಿಶ್ಶಾಸ್ತ್ರದಲ್ಲಿ 'ಕ್ರಾಂತಿ' ಎಂದು ಹೆಸರು. (ಇಂಗ್ಲಿಷ್ ಮೀಡಿಯಂನ ನಮಗೆ ಕ್ರಾಂತಿ ಅಂದ್ರೆ ದರ್ಶನ್ ಸಿನಿಮಾ ಮಾತ್ರ ಗೊತ್ತಿತ್ತು!) ಕ್ರಾಂತಿಯ ಸೈನನ್ನು ಬೆಂಗಳೂರಿನ ಅಕ್ಷಾಂಶವಾದ 13 ಡಿಗ್ರಿಯ ಕೊಸೈನಿನಿಂದ ಭಾಗಿಸಿ. ಆ ಎರಡೂ ದಿನ ಸೂರ್ಯ ಮುಳುಗುವುದು ಪಶ್ಚಿಮದಿಂದ ಸುಮಾರು 22 ಡಿಗ್ರಿ ದಕ್ಷಿಣಕ್ಕೆ ಅಂತ ಸಿಗುತ್ತದೆ. ದಾರಿ ಒಂದೇ ಆದಮೇಲೆ ಬಿಸಿಲೂ ಎರಡು ಸಲ ಬರಲೇಬೇಕು.

ಮನೆಗೆ ಬಂದು ಹುಡುಕಿದರೆ ನಮಗಿಂತ ಮುಂಚೆಯೇ ಇದನ್ನು ಮಾಡಿದವರಿದ್ದರು. ಬಿ.ಎಸ್. ಶೈಲಜಾ ಮತ್ತು ಸಂಗಡಿಗರು 2008ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ: ಜನವರಿ ಮಧ್ಯದಲ್ಲಿ ಒಮ್ಮೆ, ನವೆಂಬರ್ ಕೊನೆಯಲ್ಲಿ ಇನ್ನೊಮ್ಮೆ. ಅದೂ ಒಂದು ದಿನವಲ್ಲ, ಕೆಲವು ದಿನ. 1792ರಲ್ಲಿ ಥಾಮಸ್ ಡೇನಿಯಲ್ ಬರೆದ ಚಿತ್ರದ ಜೊತೆ ಹೋಲಿಸಿ, ಆಗ ಗುಡಿಯ ಸುತ್ತ ಇಷ್ಟು ಕಟ್ಟಡ ಇರಲಿಲ್ಲ, ಬೆಳಕು ಬೇರೆ ದಿನಗಳಲ್ಲೂ ಒಳಗೆ ಬರ್ತಿತ್ತು ಅಂತಲೂ ತೋರಿಸಿದ್ದಾರೆ.

ನಮಗೆ ತಟ್ಟಿದ್ದು ಇದೇ. ಸೂರ್ಯ ಬದಲಾಗಿಲ್ಲ, ಕಟ್ಟಡಗಳು ಬದಲಾಗಿವೆ. ಇವತ್ತು ಉಳಿದಿರೋದು ಒಂದು ಕಿರಿದಾದ ಸಂದು. ಆ 22 ಡಿಗ್ರಿಯ ಸಾಲಿನಲ್ಲಿ ಯಾರಾದರೂ ಎರಡು ಮಹಡಿ ಜಾಸ್ತಿ ಏರಿಸಿದರೆ ಸಂಕ್ರಾಂತಿಯ ಬಿಸಿಲೂ ಹೋಯ್ತು. ಗುಡಿಯ ಗೋಡೆ ಕಾಪಾಡಿದರೆ ಸಾಲದು, ಅದರ ಮುಂದಿನ ಆಕಾಶವನ್ನೂ ಕಾಪಾಡಬೇಕು.

ನವೆಂಬರ್ 27ಕ್ಕೆ ಸಂಜೆ ನಾಲ್ಕೂವರೆಗೆ ಗುಡಿ ಅಂಗಳದಲ್ಲಿ ಇರ್ತೀವಿ. ಸಂಕ್ರಾಂತಿಯ ನೂಕುನುಗ್ಗಲು ಅವತ್ತು ಇರೋದಿಲ್ಲ. ಮೋಡ ಇಲ್ಲದಿರಲಿ, ಇಂಟರ್ನಲ್ಸ್ ಇಲ್ಲದಿರಲಿ. ಬರುವವರು ಕ್ಲಬ್ ಗ್ರೂಪಿನಲ್ಲಿ ಹೆಸರು ಹಾಕಿ.